ಉಪ್ಪಿನ ಗೋಣಿಯ ಅಂಗಿ

ವರ್ಷಗಟ್ಟಲೆ ಉಪ್ಪು ಹೊತ್ತು ಸವೆದ ಗೋಣಿಚೀಲವೊಂದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಉಪ್ಪು ಹಿಡಿದ ಚೀಲವೆಂದು ಅದಕ್ಕೆ ಯಾರೂ ರಾಗಿಯನ್ನೂ ತುಂಬುತ್ತಿರಲಿಲ್ಲ. ಒಂದು ಚಳಿಯ ಬೆಳಗ್ಗೆ, ಗೋಣಿ ಹೊಲಿಯುವ ದಬ್ಬಣ ಬಂದು ಹೇಳಿತು: "ಏಳಣ್ಣ, ನಿನ್ನಿಂದ ಒಂದು ಅಂಗಿ ಆಗಬೇಕು. ತಾಯಿ ಸತ್ತ ಆ ಎಳಗರು ನಡುಗುತ್ತಿದೆ."

ಗೋಣಿಗೆ ನಾಚಿಕೆಯಾಯಿತು. "ನನ್ನ ನಾರು ಚುಚ್ಚುತ್ತದೆ ತಮ್ಮಾ. ಮೈಯೆಲ್ಲ ಉಪ್ಪು ಬೇರೆ. ಕೂಸಿಗೆ ತೊಡಿಸುವ ಬಟ್ಟೆಯೇ ನಾನು?"

"ಚುಚ್ಚುವುದು ನನ್ನ ಕೆಲಸ. ನೀನು ಸುಮ್ಮನೆ ಮಲಗು" ಎಂದು ದಬ್ಬಣ ಗದರಿತು. ಕಾಲು ತೂರಿಸಲು ಕಂಡಿ ಬಿಟ್ಟು, ಬೆನ್ನಿನ ಅಳತೆಗೆ ಹೊಲಿದು ಕರುವಿಗೆ ತೊಡಿಸಿತು.

ಕರುವಿನ ಮೈ ಬೆಚ್ಚಗಾಯಿತು, ಹೊಟ್ಟೆ ಮಾತ್ರ ಖಾಲಿಯೇ ಇತ್ತು. ಪಕ್ಕದಲ್ಲೇ ಕರು ಕಳೆದುಕೊಂಡ ಕೆಂದ ಹಸು, ಕೆಚ್ಚಲು ತುಂಬಿಕೊಂಡು ನಿಂತಿತ್ತು. ಕರು ಹತ್ತಿರ ಹೋದಾಗಲೆಲ್ಲ ಅದು ಒದೆಯುತ್ತಿತ್ತು. ಅಂದೂ ಕಾಲೆತ್ತಿ, "ನೀನು ನನ್ನದಲ್ಲ, ಆಚೆ ಹೋಗು" ಎಂದಿತು. ಅಷ್ಟರಲ್ಲಿ ಮೂಗಿಗೆ ಏನೋ ವಾಸನೆ ಬಡಿಯಿತು. ಹಸು ಗೋಣಿಯನ್ನೊಮ್ಮೆ ನೆಕ್ಕಿತು, ಮತ್ತೊಮ್ಮೆ ನೆಕ್ಕಿತು. ಎತ್ತಿದ ಕಾಲು ತಾನಾಗಿ ಕೆಳಗಿಳಿಯಿತು. ಕರು ಮೆಲ್ಲಗೆ ಕೆಚ್ಚಲಿಗೆ ಬಾಯಿ ಹಾಕಿತು.

ಮೂರನೆಯ ದಿನಕ್ಕೆ ಗೋಣಿಯಲ್ಲಿ ಉಪ್ಪಿನ ರುಚಿಯೂ ಉಳಿಯಲಿಲ್ಲ. ಹಸು ಮತ್ತೆ ಒದೆಯುವುದೇನೋ ಎಂದು ಅಂಜಿ ಗೋಣಿ ಹೇಳಿತು: "ತಾಯೀ, ನನ್ನಲ್ಲಿದ್ದ ಉಪ್ಪೆಲ್ಲ ಮುಗಿಯಿತು."

"ಸುಮ್ಮನಿರು. ನನ್ನ ಕರುವನ್ನು ನೆಕ್ಕುವಾಗ ನಡುವೆ ಮಾತಾಡಬೇಡ" ಎಂದಿತು ಹಸು.