ಅಂಗಡಿ ಖರ್ಚಿನಲ್ಲಿ ಮದುವೆ

ದಾವಣಗೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಹಾಲೇಶಪ್ಪ ಬಲು ಗತ್ತಿನ ಮನುಷ್ಯ. ಒಂದು ದಿನ ಆಡಿಟರ್ ಆಫೀಸಿಗೆ ಬಂದವನೇ ಗುಮಾಸ್ತೆ ರೇಣುಕಮ್ಮನ ಮೇಜಿನ ಮೇಲೆ ಒಂದು ಚೀಲ ಬಿಲ್ಲು ಸುರಿದ. ಛತ್ರ, ಊಟ, ವಾಲಗ, ಒಡವೆ, ಎಲ್ಲವೂ ಮಗಳ ಮದುವೆಯ ಬಿಲ್ಲುಗಳೇ.

“ಇಷ್ಟನ್ನೂ ಅಂಗಡಿ ಖರ್ಚು ಅಂತ ಬರಿ. ಟ್ಯಾಕ್ಸ್ ಉಳೀಲಿ. ಆಗಲ್ಲ ಅಂದ್ರೆ ನಿಮ್ಮ ಸಾಹೇಬರಿಗೆ ಹೇಳಿ ನಿನ್ನ ಕೆಲಸ ತೆಗೆಸ್ತೀನಿ!”

ರೇಣುಕಮ್ಮ ಬಿಲ್ಲುಗಳನ್ನು ಒಂದೊಂದಾಗಿ ನೋಡಿದಳು. ಸುಳ್ಳು ಬರೆದರೆ ತಪ್ಪು, ಬರೆಯದಿದ್ದರೆ ಅನ್ನಕ್ಕೆ ಕಲ್ಲು. ಆದರೂ ಅವಳು ಎದುರಾಡಲಿಲ್ಲ.

“ಆಗ್ಲಿ ಸಾವ್ಕಾರ್ರೇ. ಮದುವೆ ಅಂಗಡೀದು ಅಂದ್ಮೇಲೆ ಬಂದ ಮುಯ್ಯಿ ಹಣಾನೂ ಅಂಗಡಿ ಆದಾಯವೇ. ಅದಕ್ಕೂ ಟ್ಯಾಕ್ಸ್ ಬರುತ್ತೆ. ಎಷ್ಟು ಬಂತು?”

ಹಾಲೇಶಪ್ಪನ ಹುಬ್ಬು ಮೇಲಕ್ಕೇರಿತು. ಅಷ್ಟರಲ್ಲಿ ಅವಳು ಒಂದು ಕಾಗದ ಬರೆದು ಮುಂದಿಟ್ಟಳು.

“ಇದಕ್ಕೊಂದು ಸಹಿ ಹಾಕಿ. ನಿಮ್ಮ ಬೀಗರಿಗೆ ಪತ್ರ.”

“ಬೀಗರಿಗಾ? ಯಾಕೆ?”

“ಒಡವೆ ಈಗ ಅಂಗಡಿ ಆಸ್ತಿ ಅಲ್ವಾ? ತಪಾಸಣೆಗೆ ಬಂದವರಿಗೆ ತೋರಿಸಬೇಕು. ಅದಕ್ಕೆ, ‘ನಿಮ್ಮ ಸೊಸೆ ಮೈಮೇಲಿರೋ ಬಂಗಾರವನ್ನೆಲ್ಲ ಸೋಮವಾರದೊಳಗೆ ನಮ್ಮ ಪಾತ್ರೆ ಅಂಗಡಿಗೆ ವಾಪಸ್ ಕಳಿಸಿ’ ಅಂತ ಬರೆದಿದ್ದೀನಿ.”

ಹಾಲೇಶಪ್ಪ ಕುರ್ಚಿಯಿಂದ ಎದ್ದವನೇ ಪತ್ರವನ್ನು ಚೂರುಚೂರು ಹರಿದ. ಬಿಲ್ಲುಗಳನ್ನೆಲ್ಲ ಬಾಚಿ ಬಾಚಿ ಚೀಲಕ್ಕೆ ತುರುಕಿದ.

“ತಾಯೀ, ಮದುವೆ ಅಂಗಡೀದಲ್ಲ, ನನ್ನ ಮಗಳದು!” ಎಂದು ಅವನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಒಳಗಿನಿಂದ ಆಡಿಟರ್ ಓಡಿಬಂದರು. “ಏನಾಯ್ತು ರೇಣುಕಮ್ಮ?”

“ಏನಿಲ್ಲ ಸಾರ್. ಸಾವ್ಕಾರ್ರು ತಮ್ಮ ಲೆಕ್ಕ ತಾವೇ ತಿದ್ಕೊಂಡ್ರು.”