ಮದುವೆ ಕಾರಿನ ಸ್ಟಿಕ್ಕರಮ್ಮ

ಮದುವೆ ಮುಗಿದು ಮೂರು ದಿನವಾದರೂ, ಗಂಡುಹೆಣ್ಣಿನ ಹೆಸರು ಹೊತ್ತ ಸ್ಟಿಕ್ಕರಮ್ಮ ಕೆಂಪು ಕಾರಿನ ಬಾನೆಟ್ ಬಿಟ್ಟು ಏಳಲೊಲ್ಲಳು.

"ಏಳೇ, ತೊಲಗು!" ಅಂತ ಬ್ಲೇಡಪ್ಪ ಕೆರೆಯೋಕೆ ಬಂದ.

"ಎಬ್ಬಿಸಿ ನೋಡು! ಕಾರಿನ ಬಣ್ಣಾನೂ ಕಿತ್ತುಕೊಂಡೇ ಹೋಗ್ತೀನಿ," ಅಂತ ಅವಳು ಇನ್ನೂ ಗಟ್ಟಿಯಾಗಿ ಅಂಟಿ ಕೂತಳು.

ಕಾರು ನಡುಗಿತು. "ನಿಮ್ಮಿಬ್ಬರ ಜಗಳದಲ್ಲಿ ನನ್ನ ಚರ್ಮ ಸುಲೀಬೇಡ್ರಪ್ಪೋ!"

ಆಗ ಬಿಸಿನೀರಲ್ಲಿ ಅದ್ದಿ ಹಿಂಡಿದ ಹಳೇ ಸೀರೆ ತುಂಡು ಬಂದು ಸ್ಟಿಕ್ಕರಮ್ಮನ ಬೆನ್ನ ಮೇಲೆ ಮೆತ್ತಗೆ ಕೂತಿತು. "ಅಕ್ಕಾ, ದಿಬ್ಬಣಕ್ಕೆ ನಿನ್ನಿಂದಲೇ ಕಳೆ ಬಂತು. ದಣಿದಿದ್ದೀಯ, ಸ್ವಲ್ಪ ಬೆನ್ನು ಕಾಸಿಕೋ. ಆಮೇಲೆ ನಿಧಾನಕ್ಕೆ ಹೋಗಿ ಬಾ."

ಸ್ಟಿಕ್ಕರಮ್ಮನ ಬಿಗಿ ಸಡಿಲಿತು. "ಹೋಗಿ ಬಾ ಅಂದವಳು ನೀನೊಬ್ಬಳೇ ಕಣೇ," ಅಂದವಳೇ ಒಂದು ಮೂಲೆ ಎತ್ತಿ, ಚಾಪೆ ಸುತ್ತಿದ ಹಾಗೆ ತನ್ನನ್ನು ತಾನೇ ಸುತ್ತಿಕೊಂಡು ಎದ್ದಳು.

"ಒಂದು ಗೀರೂ ಇಲ್ಲ!" ಅಂತ ಕಾರು ಊರಿಗೆಲ್ಲ ಕೇಳೋ ಹಾಗೆ ಹಾರನ್ ಹೊಡೀತು.