ಅತ್ತೆ ಬೇರು ಕುಟ್ಟುವಷ್ಟು ಹೊತ್ತು

“ತಾಯೀ, ಹೊಟ್ಟೆನೋವೆಂದು ಬಂದವರನ್ನೂ ಮನಸ್ಸು ಹೇಗಿದೆ ಎಂದು ಕೇಳು ಅಂದಿದ್ದಿರಿ. ಜಗಲಿಯ ತುಂಬ ಕೂತವರನ್ನೆಲ್ಲ ಕೇಳಿ ಕೇಳಿ ಸಾಕಾಯಿತು. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಇಲ್ಲದ ನೋವನ್ನು ಯಾಕೆ ಹುಡುಕಬೇಕು?” ಎಂದು ಶಿಷ್ಯೆ ದೇವೀರಿ ಕೇಳಿದಳು.

ಗುರುವಾದ ಹಿರಿಯ ವೈದ್ಯೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಜಗಲಿಯ ತುಂಬ ರೋಗಿಗಳು. ಎಲ್ಲರೆದುರೇ ನಾಡಿ ಹಿಡಿಯುತ್ತಿದ್ದ, ಎಲ್ಲರೆದುರೇ ಪ್ರಶ್ನೆ ಕೇಳುತ್ತಿದ್ದ. ಸೊಸೆಗೆ ಕಾಯಿಲೆಯಾದರೆ ಅತ್ತೆ ಉತ್ತರ ಹೇಳುವುದು ಆ ಊರಿನ ಮರ್ಯಾದೆ. ಸೊಸೆ ಕೈ ನೀಡಿದರೆ ಸಾಕು.

ಒಂದು ದಿನ ಒಬ್ಬ ಸೊಸೆ ಎದೆಯುರಿ ಎಂದು ಮತ್ತೆ ಬಂದಳು. ಹಿಂದೆ ಕೊಟ್ಟ ಮದ್ದು ನಾಟಿರಲಿಲ್ಲ. ವೈದ್ಯ ವಾಡಿಕೆಯಂತೆ, “ಮನಸ್ಸಿಗೇನಾದರೂ ಬೇಸರವೇ ತಂಗಿ?” ಎಂದ.

“ಇವಳಿಗೇನು ಬೇಸರ? ಉಣ್ಣೋಕೆ ಕೂತರೆ ಏಳೋದಿಲ್ಲ, ಮಲಗಿದರೆ ಎಬ್ಬಿಸೋಕೆ ಡೋಲು ಬಡೀಬೇಕು,” ಎಂದಳು ಅತ್ತೆ. ಜಗಲಿಯೆಲ್ಲ ನಕ್ಕಿತು. ವೈದ್ಯನೂ ನಕ್ಕು ಚೂರ್ಣದ ಪೊಟ್ಟಣ ಕೊಟ್ಟ.

ಮೆಟ್ಟಿಲಿಳಿಯುತ್ತಿದ್ದ ಸೊಸೆ ತಿರುಗಿ ನಿಂತಳು. “ಇದನ್ನೆಲ್ಲ ಒಂದೇ ಸಲ ನುಂಗಿದರೆ ಏನಾಗುತ್ತದೆ?”

ವೈದ್ಯನ ನಗು ಅಲ್ಲೇ ನಿಂತಿತು. ಹೋಗಲು ಬಿಟ್ಟರೆ ನಾಳೆ ಯಾವ ಸುದ್ದಿ ಬಂದೀತೋ. ಅತ್ತೆಗೆ ಹೊರಗಿರು ಎಂದರೆ ಸೊಸೆಯನ್ನು ಎಳೆದೊಯ್ದಾಳು, ಮತ್ತೆ ಕರೆತರಲಾರಳು. ಅವನು ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ಒಂದು ಒಣಬೇರನ್ನು ತೆಗೆದ.

“ಅಮ್ಮಾ, ಮರೆತೇಬಿಟ್ಟಿದ್ದೆ. ಇದನ್ನು ಮನೆಯ ಹಿರಿಯರೇ ಕುಟ್ಟಬೇಕು. ಬೇರೆಯವರು ಕುಟ್ಟಿದರೆ ಗುಣ ಬರುವುದಿಲ್ಲ. ಒರಳು ಹಿತ್ತಲಲ್ಲಿದೆ.”

ಅತ್ತೆ ಬೀಗುತ್ತ ಹೋದಳು. ವೈದ್ಯ ಸೊಸೆಯನ್ನು ಒಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಅದೇ ಪ್ರಶ್ನೆ ಕೇಳಿದ. ಅವಳು ಬಾಯಿ ಬಿಡಲಿಲ್ಲ. ಹಿತ್ತಲಲ್ಲಿ ಒನಕೆ ಕುಟ್ಟುತ್ತಿತ್ತು. ಅವನು ಮದ್ದು ಅರೆಯಲಿಲ್ಲ, ಇನ್ನೊಬ್ಬ ರೋಗಿಯನ್ನು ಕರೆಯಲಿಲ್ಲ. ಒನಕೆಯ ಸದ್ದು ನಿಧಾನವಾಯಿತು.

“ಸಾಕೇನಪ್ಪಾ?” ಎಂದು ಅತ್ತೆ ಕೂಗಿದಳು.

“ಇನ್ನೂ ನುಣ್ಣಗಾಗಬೇಕು!” ಎಂದು ಅವನು ಕೂಗಿದ.

ಆಗ ಸೊಸೆ ಸೆರಗಿನ ಗಂಟು ಬಿಚ್ಚಿದಳು. ಬೇಲಿಯಿಂದ ಆಯ್ದಿಟ್ಟುಕೊಂಡಿದ್ದ ವಿಷದ ಬೀಜಗಳನ್ನು ಅವನ ಅಂಗೈಗೆ ಸುರಿದಳು. ಆಮೇಲೆ ಅತ್ತಳು, ಆಮೇಲೆ ಮಾತಾಡಿದಳು.

ಅತ್ತೆ ಪುಡಿ ತಂದಾಗ ವೈದ್ಯ, “ಇದು ದಿನವೂ ಹೊಸದಾಗಿ ಆಗಬೇಕಮ್ಮಾ. ನಾಳೆಯೂ ಇಬ್ಬರೂ ಬನ್ನಿ,” ಎಂದ.

ಗುರು ಕತೆ ಮುಗಿಸಿದರು. ದೇವೀರಿ, “ಅಂಥ ಹೆಂಗಸು ನನ್ನ ಜಗಲಿಗೆ ಇನ್ನೂ ಬಂದಿಲ್ಲ ತಾಯೀ,” ಎಂದಳು.

“ಬಂದು ಹೋಗಿದ್ದಾಳೆ,” ಎಂದರು ಗುರು.